ಗೆಜ್ಜೆ ಬಿಚ್ಚಿದ ಭಾನುವಾರ

ತಿಲಕ್ ಗೋವಿಂದಮ್ಮನನ್ನು ಕಚ್ಚುತ್ತಿರಲಿಲ್ಲ.

ಇದು ಹರ್ಷಿತಾಳಿಗೆ ಗೊತ್ತಾದದ್ದು ಒಂದು ಮಧ್ಯಾಹ್ನ, ಶಿಫ್ಟು ಮುಗಿಸಿ ಮಗನನ್ನು ಕರೆದುಕೊಳ್ಳಲು ಪಕ್ಕದ ಮನೆಯ ಬಾಗಿಲಲ್ಲಿ ನಿಂತಾಗ. ಗೋವಿಂದಮ್ಮ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತ ಕೂತಿದ್ದಳು. ಮಗು ಅವಳ ತೊಡೆಗೆ ಒರಗಿ ಒಂದೊಂದೇ ಕಾಳನ್ನು ಲೋಟಕ್ಕೆ ಹಾಕುತ್ತಿತ್ತು. ಹರ್ಷಿತಾ ಮೊದಲು ನೋಡಿದ್ದು ಮಗುವನ್ನಲ್ಲ, ಗೋವಿಂದಮ್ಮನ ಕೈಗಳನ್ನು. ಅರವತ್ತು ವರ್ಷ ಬಿಸಿಲು ಕಂಡ ಕೈಗಳು. ಮೊಣಕೈವರೆಗೆ ಸುಕ್ಕಿತ್ತು, ಹಚ್ಚೆಯಿತ್ತು, ಹಲ್ಲಿನ ಗುರುತು ಒಂದೂ ಇರಲಿಲ್ಲ.

ಹರ್ಷಿತಾಳ ಎಡಗೈಯಲ್ಲಿ ಅಂಥವು ಏಳಿದ್ದವು. ಕೆಲವು ನೀಲಿ, ಕೆಲವು ಹಳದಿಗೆ ತಿರುಗಿದ ಅರ್ಧಚಂದ್ರಗಳು. ಕಾರ್ಖಾನೆಯಲ್ಲಿ ಕೇಳಿದವರಿಗೆ ಕೆಲಸದ ಬೋರ್ಡು ತಗುಲಿತು ಎಂದು ಹೇಳಿ ಅಂಗಿಯ ತೋಳು ಇಳಿಬಿಟ್ಟುಕೊಂಡಿದ್ದಳು. ಮಗ ಒಬ್ಬರನ್ನಾದರೂ ಕಚ್ಚದೆ ಬಿಟ್ಟಿದ್ದಾನಲ್ಲ ಎಂದು ಯಾವ ತಾಯಿಯಾದರೂ ನೆಮ್ಮದಿಪಡಬೇಕಿತ್ತು. ಅವಳಿಗೆ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಯಿತು.

ಅವಳನ್ನು ಕಂಡ ಕೂಡಲೇ ತಿಲಕ್ ಲೋಟವನ್ನು ಗೋಡೆಗೆ ಎಸೆದ. ಕಾಳು ಮನೆತುಂಬ ಚೆಲ್ಲಿತು. ಎತ್ತಿಕೊಳ್ಳಲು ಬಗ್ಗಿದರೆ ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಗ್ಗಿಸಿ ಕಿರುಚಿದ, ಮತ್ತೆ ಅದೇ ಎಡಗೈಗೆ ಬಾಯಿ ಹಾಕಿದ. ಎಂಟನೆಯದು.

"ಬಿಟ್ಟೋಗೋರ್ನ ಕಚ್ತಾನೆ ಅಮ್ಮಣ್ಣಿ," ಎಂದಳು ಗೋವಿಂದಮ್ಮ, ಕಾಳು ಆಯುತ್ತ. "ನಾನೆಲ್ಲಿಗೆ ಹೋಗ್ತೀನಿ? ಅದಕ್ಕೇ ನನ್ ತಂಟೆಗೆ ಬರಲ್ಲ."

ಸಮಾಧಾನಕ್ಕೆಂದು ಹೇಳಿದ ಮಾತು. ಹರ್ಷಿತಾಳಿಗೆ ಅದು ತೀರ್ಪಿನಂತೆ ಕೇಳಿಸಿತು.

ತಮಿಳುನಾಡಿನ ಗಡಿಯೊಳಗೆ, ಹೊಸೂರಿನ ಪಕ್ಕದ ಜೂಜುವಾಡಿಯ ಆ ಸಾಲುಮನೆಗೆ ಅವರು ಬಂದು ಎಂಟು ತಿಂಗಳಾಗಿತ್ತು. ಎರಡು ವರ್ಷದಲ್ಲಿ ಅದು ಮೂರನೆಯ ಮನೆ. ಮದ್ದೂರಿನ ಕಡೆಯವಳಾದ ಹರ್ಷಿತಾ ಕಾರುಗಳಿಗೆ ವೈರಿನ ಕಟ್ಟು ಹೆಣೆಯುವ ಕಾರ್ಖಾನೆಯಲ್ಲಿದ್ದಳು. ಗಂಡ ಪ್ರಮೋದ್ ಇನ್ನೊಂದು ಕಾರ್ಖಾನೆಯಲ್ಲಿ. ಒಬ್ಬರು ಬೆಳಗಿನ ಶಿಫ್ಟಾದರೆ ಇನ್ನೊಬ್ಬರು ಮಧ್ಯಾಹ್ನದ್ದು, ವಾರಕ್ಕೊಮ್ಮೆ ಅದಲು ಬದಲು. ಯಾರಾದರೊಬ್ಬರು ಮಗುವಿನ ಜೊತೆ ಮನೆಯಲ್ಲಿರಲಿ ಎಂಬ ಲೆಕ್ಕಾಚಾರ ಅದು. ಮನೆಯಲ್ಲಿದ್ದವರು ನಿದ್ದೆಯಲ್ಲಿರುತ್ತಿದ್ದರು ಎಂಬುದು ಆ ಲೆಕ್ಕದಲ್ಲಿ ಸೇರಿರಲಿಲ್ಲ. ಹಾಗಾಗಿ ಮಗು ಹಗಲಿನ ಬಹುಪಾಲು ಪಕ್ಕದ ಗೋವಿಂದಮ್ಮನ ಬಳಿ ಬೆಳೆಯತೊಡಗಿತು. ಅವಳು ಈ ನೆಲದವಳೇ, ಮನೆಮಾತು ತೆಲುಗು. ಮಗಳು ಮಾಲಾಳಿಗೆ ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ.

ಕಾರ್ಖಾನೆಯಲ್ಲಿ ಹರ್ಷಿತಾಳಿಗೆ ಮೊದಲ ದಿನ ಕಲಿಸಿದ್ದು ಒಂದೇ ಪಾಠ. ವೈರಿನ ತುದಿಯನ್ನು ಕನೆಕ್ಟರಿನ ಗೂಡಿಗೆ ತಳ್ಳು, ಕ್ಲಿಕ್ ಎನ್ನುವ ಸದ್ದು ಕೇಳು, ಎಳೆದು ನೋಡು. ಸದ್ದು ಕೇಳದಿದ್ದರೆ ಕೂತಿದೆ ಎಂದು ನಂಬಬೇಡ. ದಿನಕ್ಕೆ ಸಾವಿರ ಸಲ ಅವಳು ಆ ಸಣ್ಣ ಸದ್ದಿಗೆ ಕಿವಿಗೊಡುತ್ತಿದ್ದಳು. ಮನೆಗೆ ಬಂದ ಮೇಲೆ ಕಿವಿಗಳು ಏನನ್ನೂ ಕೇಳಲು ಒಪ್ಪುತ್ತಿರಲಿಲ್ಲ.

ಮಾತು ಬರುವ ಹೊತ್ತಿಗೆ ಮಗನಿಂದ ಮಮ್ಮಿ ಎನ್ನಿಸಬೇಕೆಂದು ಪ್ರಮೋದನ ಆಸೆ. ಕಾರ್ಖಾನೆಯ ಗೆಳತಿಯರ ಮಕ್ಕಳೆಲ್ಲ ಹಾಗೇ ಕರೆಯುತ್ತಿದ್ದರು. ಹರ್ಷಿತಾ ಒಪ್ಪಿದ್ದಳು. ತನ್ನ ತಾಯಿಯನ್ನು ಅವಳು ಅವ್ವಾ ಎಂದೇ ಕರೆದು ಬೆಳೆದವಳು. ಆ ಮಾತು ಊರಿನದು, ಊರಲ್ಲೇ ಇರಲಿ ಎಂದುಕೊಂಡಿದ್ದಳು. ಆದರೆ ತಿಲಕ್ ಮಮ್ಮಿ ಎನ್ನಲಿಲ್ಲ. ಅಪ್ಪ ಹರ್ಷಿ ಎಂದು ಕರೆಯುವುದನ್ನು ಕೇಳಿ ಅವಳನ್ನು 'ಅಚ್ಚಿ' ಎಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅದಾಗಿ ಎರಡು ದಿನಕ್ಕೆ ಗೋಡೆಯಾಚೆ ಗೋವಿಂದಮ್ಮನ ದನಿ ಕೇಳಿಸಿತು: "ರಾ ನಾಯನಾ, ಅವ್ವ ದಗ್ಗರಿಕಿ ರಾ." ಹರ್ಷಿತಾಳಿಗೆ ತೆಲುಗು ಬರುತ್ತಿರಲಿಲ್ಲ. ಕರೆಯುತ್ತಿದ್ದಾಳೆ ಎಂಬುದು, ಅವ್ವ ಎಂಬುದು, ಇಷ್ಟೇ ಅರ್ಥವಾಯಿತು. ಮರುಕ್ಷಣ ಮಗನ ಎಳೆಯ ದನಿ, ತೊದಲಿಲ್ಲದೆ: "ಅವ್ವಾ."

ಅಂದು ಅವಳು ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು.

ಅಜ್ಜಿ ಅನ್ನು ಮಗನೆ, ಅವರು ಅಜ್ಜಿ ಎಂದು ದಿನವೂ ತಿದ್ದಿದಳು. ಮಗು ಅವಳ ಬಾಯನ್ನೇ ನೋಡಿ, ತಲೆಯಾಡಿಸಿ, ಪಕ್ಕದ ಮನೆಯತ್ತ ತಿರುಗಿ ಅವ್ವಾ ಎನ್ನುತ್ತಿತ್ತು. ನೇರವಾಗಿ ಗೋವಿಂದಮ್ಮನನ್ನೇ ಕೇಳಿಬಿಡಬಹುದಿತ್ತು. ಆದರೆ ಏನೆಂದು ಕೇಳುವುದು? ನನ್ನ ಮಗನ ಬಾಯಲ್ಲಿ ತಾಯಿ ಅನ್ನಿಸಿಕೊಳ್ಳಬೇಡ ಎಂದೇ? ಕೇಳಿದ ಮೇಲೆ ಬೆಳಗಿನ ಐದೂವರೆಗೆ ಮಗುವನ್ನು ಯಾರ ಮಡಿಲಿಗೆ ಹಾಕಿ ಕಂಪನಿ ಬಸ್ಸು ಹತ್ತುವುದು? ಹೀಗೆ ಅವಳು ಸುಮ್ಮನಿದ್ದಳು, ಸುಮ್ಮನಿದ್ದಷ್ಟೂ ಆ ಮಾತು ಒಳಗೇ ಬೆಳೆಯಿತು.

ಇದರ ನಡುವೆ ಮಗುವಿಗೆ ಗಾಯಗಳಾಗುತ್ತಿದ್ದವು. ಒಮ್ಮೆ ಮಂಚದಿಂದ ಬಿದ್ದು ಹಣೆ ಊದಿತು. ಒಮ್ಮೆ ಬಾಗಿಲ ಸಂದಿಗೆ ಸಿಕ್ಕಿ ಕಿರುಬೆರಳ ಉಗುರು ಕಿತ್ತುಬಂತು. ಆಗ ಪ್ರಮೋದ್ ಎದ್ದು ನಿಂತು, "ನೀನ್ ಮನೇಲಿರೋವಾಗ ಇನ್ನೊಂದ್ ಸಲ ಮಗೀಗೆ ಏನಾರ ಆದ್ರೆ ಊರ್ಗೆ ಬಿಟ್ಬತ್ತೀನಿ. ಸ್ಕೂಲ್ಗೆ ಸೇರ್ಸೋವರ್ಗೂ ನಮ್ಮವ್ವನೇ ನೋಡ್ಕತಾಳೆ," ಎಂದಿದ್ದ. ಅವನು ಕೂಗಾಡುವ ಗಂಡಸಲ್ಲ. ಹೇಳಿದರೆ ಮಾಡುವವನು. ಅತ್ತೆ ಸಾಕಮ್ಮ ಈಗಾಗಲೇ ಫೋನಿನಲ್ಲಿ ಎರಡು ಸಲ, ಕಳಿಸ್ರಪ್ಪ ಎಂದಿದ್ದಳು. ಮೂರು ವರ್ಷ ಮಗನನ್ನು ಹಬ್ಬಕ್ಕೆ ಮಾತ್ರ ನೋಡುವ ತಾಯಿಯಾಗಿ ತನ್ನನ್ನು ಕಲ್ಪಿಸಿಕೊಂಡು ಹರ್ಷಿತಾ ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ.

ಆಮೇಲೆ ತುಟಿ ಸೀಳಿತು. ಮಧ್ಯಾಹ್ನ ಮೂರರ ಹೊತ್ತು. ಶಿಫ್ಟಿನಿಂದ ಬಂದ ಹರ್ಷಿತಾ ಬಾಗಿಲು ಹಾಕಿ ಕಣ್ಣು ಮುಚ್ಚಿ ಮಲಗಿದ್ದಳು, ಮಗು ಪ್ಲಾಸ್ಟಿಕ್ ಸ್ಟೂಲು ಹತ್ತಿ ಬಿತ್ತು. ಅದಾದ ಎರಡು ದಿನಕ್ಕೆ ಆ ಭಾಗದ ಸರ್ಕಾರಿ ನರ್ಸ್ ಶಾಂತಿ ಉದ್ದನೆಯ ಫಾರಂ ಹಿಡಿದು ಬಂದಳು. ಎರಡು ವರ್ಷದೊಳಗಿನ ಮಕ್ಕಳ ಮನೆಗಳಿಗೆಲ್ಲ ಹೋಗಿ ಕೇಳುತ್ತಿದ್ದಳು. ಫಾರಂ ತಮಿಳಿನಲ್ಲಿತ್ತು, ಅವಳ ಕನ್ನಡವೂ ಅರ್ಧ ತಮಿಳಿನಲ್ಲಿತ್ತು. ಮಗುವನ್ನು ಹಗಲು ಯಾರು ನೋಡಿಕೊಳ್ಳುತ್ತಾರೆ, ತಾಯಿಯ ಶಿಫ್ಟು ಯಾವಾಗ, ಇದು ಎಷ್ಟನೆಯ ಮನೆ, ಕಚ್ಚುತ್ತಾನಾ, ತಲೆ ಚಚ್ಚಿಕೊಳ್ಳುತ್ತಾನಾ ಎಂದೆಲ್ಲ ಕೇಳಿ ಬರೆದುಕೊಂಡಳು. ನಡುವೆ, ನಿಮಗೆ ಕಾರಣವಿಲ್ಲದೆ ಅಳು ಬರುತ್ತದಾ ಎಂಬುದೂ ಒಂದಿತ್ತು. ಹರ್ಷಿತಾ ಇಲ್ಲ ಎಂದಳು. ಅಷ್ಟು ಬೇಗ ಹೇಳಿದ್ದಕ್ಕೆ ಶಾಂತಿ ಒಮ್ಮೆ ತಲೆಯೆತ್ತಿ ನೋಡಿದಳು.

"ಈ ತುಟಿ ಗಾಯ ಎಲ್ಲಿ ಆಚ್ಚು? ಆಗ ಮಗು ಜೊತೆ ಯಾರಿದ್ರು?"

ಪ್ರಮೋದ್ ಬಾಗಿಲ ಬಳಿ ಷೂ ಕಟ್ಟಿಕೊಳ್ಳುತ್ತಿದ್ದ. ಅವನ ಕೈ ನಿಂತಿತು.

"ಅಲ್ಲಿ," ಎಂದಳು ಹರ್ಷಿತಾ. "ಪಕ್ಕದ್ಮನೆ ಮೆಟ್ಲಲ್ಲಿ."

ಶಾಂತಿ ಬರೆದುಕೊಂಡು ನೇರ ಪಕ್ಕದ ಮನೆಗೆ ಹೋದಳು. ಹರ್ಷಿತಾ ಗೋಡೆಗೆ ಬೆನ್ನು ಕೊಟ್ಟು ಕೂತಳು. ನರ್ಸಿನ ದನಿ ಬಹಳ ಹೊತ್ತು ಕೇಳಿಸಿತು. ಬಿದ್ದರೆ ಏನು ಮಾಡಬೇಕು, ಸುಟ್ಟರೆ ಏನು ಮಾಡಬೇಕು, ಕಣ್ಣು ತಪ್ಪಿಸಬಾರದು. ಗೋವಿಂದಮ್ಮ ಈಗ ಹೇಳುತ್ತಾಳೆ, ನನ್ನ ಮನೆಯಲ್ಲಿ ಬಿದ್ದದ್ದಲ್ಲ ಎಂದು ಈಗ ಹೇಳುತ್ತಾಳೆ ಎಂದು ಅವಳು ಕಾದಳು. ಗೋಡೆಯಾಚೆಯಿಂದ ಒಂದು ಮಾತೂ ಬರಲಿಲ್ಲ. ಬೈದಿದ್ದರೆ ತಾನೂ ಬೈಯಬಹುದಿತ್ತು.

ನಾಲ್ಕು ದಿನ ಕಳೆದು, ಬಸ್ಸಿಳಿದು ಬರುತ್ತಿದ್ದಾಗ ಓಣಿಯ ತುದಿಗೇ ಸದ್ದು ಕೇಳಿಸಿತು. ಝಣ್ ಝಣ್. ತಿಲಕನ ಎರಡೂ ಕಾಲಿಗೆ ಕರಿದಾರದಲ್ಲಿ ಪೋಣಿಸಿದ ಹಿತ್ತಾಳೆ ಗೆಜ್ಜೆಗಳು, ಕಾಲಿಗೆ ಮೂರು ಮೂರು. ಗೋವಿಂದಮ್ಮ ತನ್ನ ತವರೂರು ಬೇರಿಕೆಗೆ ಹೋಗಿ ತಂದಿದ್ದಳು. ಅಲ್ಲಿ ಸೀಮೆಗೆಲ್ಲ ನುಗ್ಗಿ ಓಡುವ ಕರುವಿಗೆ ಕಟ್ಟುವಂಥವು.

"ಕಣ್ಣಿಗಿಂತ ಕಿವಿ ವಾಸಿ ಅಮ್ಮಣ್ಣಿ," ಎಂದಳು. "ಕಣ್ಣು ಒಂದೇ ಕಡೆ ನೋಡ್ತದೆ. ನಾನು ಒಲೆ ಮುಂದಿದ್ರೂ ಕಿವಿ ಬಾಗ್ಲತ್ರ ಇರ್ತದೆ."

ತುಟಿಯ ವಿಷಯ ಎತ್ತಲಿಲ್ಲ. ಮುಂದೆಯೂ ಎತ್ತಲಿಲ್ಲ.

ಗೆಜ್ಜೆ ಕಟ್ಟಿದ ಮೇಲೆ ಹದಿನೈದು ದಿನ ಮಗುವಿಗೆ ಒಂದು ತರಚೂ ಆಗಲಿಲ್ಲ. ತಿಲಕನಿಗೆ ಅದೊಂದು ಆಟವೇ ಆಯಿತು. ಸಿಟ್ಟು ಬಂದಾಗ ತಲೆ ಚಚ್ಚಿಕೊಳ್ಳುವ ಬದಲು ಕಾಲು ಕುಟ್ಟಿ ಸದ್ದು ಮಾಡುತ್ತಿದ್ದ. ಓಣಿಯವರು ಗೋವಿಂದಮ್ಮನ ಗೆಜ್ಜೆಮರಿ ಬಂತು ಎನ್ನುತ್ತಿದ್ದರು. ಗೋವಿಂದಮ್ಮನ! ಹರ್ಷಿತಾ ಮನೆಯಲ್ಲಿ ಒಗೆಯುವಾಗ, ನೆಲ ಒರೆಸುವಾಗ, ಮಲಗಿದಾಗ ಆ ಹಿತ್ತಾಳೆಯ ಸದ್ದು ಕೋಣೆತುಂಬ ಓಡಾಡುತ್ತಿತ್ತು. ಅವಳಿಗೆ ಅದು ಮಗನ ಸದ್ದೆನಿಸಲಿಲ್ಲ. ಗೋವಿಂದಮ್ಮ ಗೋಡೆ ದಾಟಿ ಬಂದು ತನ್ನ ಮನೆಯಲ್ಲೂ ಮಗುವಿನ ಹಿಂದೆಯೇ ನಡೆಯುತ್ತಿದ್ದಾಳೆ ಎನಿಸುತ್ತಿತ್ತು.

ಭಾನುವಾರ ಪ್ರಮೋದ್ ಓವರ್‌ಟೈಮಿಗೆ ಹೋಗಿದ್ದ. ವಾರವಿಡೀ ಮಧ್ಯಾಹ್ನದ ಶಿಫ್ಟು ಮಾಡಿದ ಮೈ ಅವಳದು. ಅಂದು ಮಗು ತನ್ನದು, ಇಡೀ ದಿನ ತನ್ನದೊಬ್ಬಳದು ಎಂದು ಬಾಗಿಲು ಹಾಕಿಕೊಂಡಳು. ಟ್ರಂಕಿನಿಂದ ಬೆಳ್ಳಿ ಕಡಗ ತೆಗೆದಳು. ನಾಮಕರಣಕ್ಕೆ ತವರಿನಿಂದ ಬಂದದ್ದು. ದಪ್ಪನೆಯದು, ಸದ್ದಿಲ್ಲದ್ದು. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕತ್ತರಿಯಿಂದ ಕರಿದಾರ ಕತ್ತರಿಸಿದಳು. ಗೆಜ್ಜೆಗಳನ್ನು ಕಂಪನಿ ಬ್ಯಾಗಿನ ಜೇಬಿಗೆ ತುರುಕಿದಳು. ಕಾಲಿಗೆ ಕಡಗ ಹಾಕಿದಳು.

"ನಮ್ಮವ್ವ ಕೊಟ್ಟಿದ್ದು ಕಣ್ಲಾ," ಎಂದಳು ಮಗನ ಕಿವಿಯಲ್ಲಿ. "ಕರೂಗೆ ಕಟ್ಟೋದಲ್ಲ."

ತಿಲಕ್ ಕಾಲು ಕುಟ್ಟಿದ. ಸದ್ದು ಬರಲಿಲ್ಲ. ಇನ್ನೊಮ್ಮೆ ಕುಟ್ಟಿದ. ಕಾಲನ್ನು ನೋಡಿದ, ಅವಳ ಮುಖ ನೋಡಿದ. ಅಳಲಿಲ್ಲ, ಕಚ್ಚಲಿಲ್ಲ. ಪಾತ್ರೆಯ ಮುಚ್ಚಳಗಳ ಬಳಿ ಹೋಗಿ ಸುಮ್ಮನೆ ಕೂತುಬಿಟ್ಟ.

ತಲೆಗೆ ಎರೆಯೋಣವೆಂದು ಅವಳು ಬಚ್ಚಲಲ್ಲಿ ಬಕೆಟ್ಟಿಗೆ ಹೀಟರ್ ರಾಡು ಇಟ್ಟಳು. ನೀರು ಕಾಯಿತು. ರಾಡು ತೆಗೆದು ಮೇಲಿಟ್ಟಳು. ಬೆರೆಸಲು ತಣ್ಣೀರು ನಲ್ಲಿಯಲ್ಲಿ ಸಣ್ಣಗೆ ಬರುತ್ತಿತ್ತು, ಸ್ವಲ್ಪ ತುಂಬಲಿ ಎಂದು ಇನ್ನೊಂದು ಬಕೆಟ್ಟಿಟ್ಟು ಬಂದು ಚಾಪೆಯ ಮೇಲೆ ಒರಗಿದಳು. ಮಗು ಮುಚ್ಚಳಗಳ ಜೊತೆಗಿದೆ. ಐದೇ ನಿಮಿಷ. ಮನೆಯಲ್ಲಿ ಎಷ್ಟು ದಿನದ ಮೇಲೆ ಇಂಥ ನಿಶ್ಶಬ್ದ ಎಂದುಕೊಂಡದ್ದು ಅವಳಿಗೆ ಆಮೇಲೂ ನೆನಪಿತ್ತು. ಆ ನಿಶ್ಶಬ್ದಕ್ಕೆ ಅವಳು ಸಂತೋಷಪಟ್ಟಿದ್ದಳು.

ಕಿರುಚು ಕೇಳಿ ಎದ್ದಾಗ ತಿಲಕ್ ಬಚ್ಚಲ ಹೊಸ್ತಿಲಲ್ಲಿ ಬಲಗೈಯನ್ನು ಮೈಯಿಂದ ದೂರ ಹಿಡಿದು ನಿಂತಿದ್ದ. ಕೈ ಮೊಣಕೈವರೆಗೆ ಕೆಂಪಾಗಿ ಹೊಳೆಯುತ್ತಿತ್ತು. ಬಿಸಿನೀರಿನ ಬಕೆಟ್ಟಿನಲ್ಲಿ ಒಂದು ಮುಚ್ಚಳ ತೇಲುತ್ತಿತ್ತು.

ಅವಳು ಟೂತ್‌ಪೇಸ್ಟಿನ ಮುಚ್ಚಳ ಬಿಚ್ಚುವಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದು. ತೆಗೆದ ಕೂಡಲೇ ಗೋವಿಂದಮ್ಮ ಒಳಗೆ ಬಂದು ಮಗುವನ್ನೆತ್ತಿಕೊಂಡು ನಲ್ಲಿಯ ಕೆಳಗೆ ಕೈ ಹಿಡಿದಳು.

"ಪೇಸ್ಟ್ ಬ್ಯಾಡ. ತಣ್ಣೀರು ಬಿಡು, ಬಿಡ್ತಾನೇ ಇರು. ಆ ನರ್ಸಮ್ಮ ನಂಗೆ ಹೇಳವ್ಳೆ."

ನರ್ಸಮ್ಮ ಅವಳಿಗೆ ಯಾಕೆ ಹೇಳಿದ್ದಳು ಎಂಬುದು ಹರ್ಷಿತಾಳಿಗೆ ಗೊತ್ತಿತ್ತು. ತಂಬಿಗೆಯಲ್ಲಿ ತಣ್ಣೀರು ಮೊಗೆದು ಮೊಗೆದು ಸುರಿದಳು. ಸುಮಾರು ಇಪ್ಪತ್ತು ನಿಮಿಷ ಸುರಿಯುತ್ತಲೇ ಇದ್ದಳು.

ಹೊಸೂರಿನ ಆಸ್ಪತ್ರೆಗೆ ಆಟೋದಲ್ಲಿ ಹೋಗುವಾಗ ಗೋವಿಂದಮ್ಮ ತನಗೆ ತಾನೇ ಎಂಬಂತೆ, "ಸದ್ದೇ ಇರ್ಲಿಲ್ಲ. ಮಗ ಮಲಗವ್ನೆ ಅಂದ್ಕೊಂಡು ನಾನೂ ಒರಗ್ದೆ," ಎಂದಳು. ಆಗ ಅವಳ ಕಣ್ಣು ಮಗುವಿನ ಕಾಲಿಗೆ ಹೋಯಿತು. ಬೆಳ್ಳಿ ಕಡಗವನ್ನು ನೋಡಿದಳು. ಹರ್ಷಿತಾಳನ್ನು ನೋಡಲಿಲ್ಲ. ಸೆರಗಿನಿಂದ ಆ ಕಾಲು ಮುಚ್ಚಿದಳು, ಗಾಳಿಗೆ ಎಂಬಂತೆ.

ಆಸ್ಪತ್ರೆಯಲ್ಲಿ ಗಾಯ ತೊಳೆಯುವಾಗ ಒಬ್ಬರೇ ಒಳಗಿರಬೇಕು ಎಂದರು. ಹರ್ಷಿತಾ ಒಳಗೆ ಹೋದಳು. ತಿಲಕ್ ಅವಳ ಭುಜದ ಮೇಲಿಂದ ಸುಡದ ಕೈಯನ್ನು ಬಾಗಿಲಿಗೆ ಚಾಚಿ ಅವ್ವಾ, ಅವ್ವಾ ಎಂದು ಕೂಗತೊಡಗಿದ. ಅಲ್ಲಿದ್ದ ನರ್ಸು ಅಮ್ಮ ಇಲ್ಲೇ ಇದ್ದಾಳಲ್ಲ ಎಂಬಂತೆ ಅವಳನ್ನೇ ತೋರಿಸಿದರೂ ಮಗು ತಿರುಗಲಿಲ್ಲ. ಅವ್ವ ಯಾರು ಎಂದು ನರ್ಸು ತಮಿಳಿನಲ್ಲಿ ಕೇಳಿದಳು.

ಬಾಗಿಲಾಚೆಯಿಂದ ಗೋವಿಂದಮ್ಮನೇ ಹೇಳಿದಳು: "ಅವ್ವ ಅಂದ್ರೆ ನಾನು, ಸಿಸ್ಟರ್. ಪಾಟ್ಟಿ, ಪಾಟ್ಟಿ. ಅಮ್ಮ ಇವ್ಳೇ."

ಪಾಟ್ಟಿ ಎಂದರೆ ತಮಿಳಿನಲ್ಲಿ ಅಜ್ಜಿ. ಅಷ್ಟು ತಮಿಳು ಹರ್ಷಿತಾಳಿಗೆ ಬರುತ್ತಿತ್ತು. ಪಕ್ಕದ ಮನೆಯ ತೆಲುಗಿನಲ್ಲಿ ಅವ್ವ ಎಂದರೂ ಅಜ್ಜಿಯೇ; ಆ ಒಂದು ಮಾತು ತಮಿಳಿನ ದಾರಿ ಹಿಡಿದು ಸುತ್ತಿ ಬಂದು ಅವಳಿಗೆ ಅರ್ಥವಾಗಲು ತಿಂಗಳುಗಳೇ ಬೇಕಾದವು.

ಹೊರಗೆ ಬೆಂಚಿನ ಮೇಲೆ ಕೂತಾಗ ಅವಳು ಹೇಳಿದಳು. "ನಮ್ ಕಡೆ ಅವ್ವ ಅಂದ್ರೆ ತಾಯಿ, ಆಂಟಿ."

ಗೋವಿಂದಮ್ಮ ತನ್ನ ಅಂಗೈ ನೋಡಿಕೊಂಡಳು. "ಇಷ್ಟ್ ದಿನ ಅದ್ನ ಕೇಳ್ಸ್ಕೊಂಡು ಸುಮ್ನೆ ಇದ್ಯಾ?" ಎಂದಳು. ಆಮೇಲೆ, "ನನ್ನ ಹಂಗೆ ಕರ್ದೋರು ಇನ್ಯಾರೂ ಇಲ್ಲ," ಎಂದಳು.

ಅರ್ಥ ತಿಳಿದ ಮೇಲೆ ಕೆಂಡ ಆರಬೇಕಿತ್ತು. ಆರಲಿಲ್ಲ. ಅಜ್ಜಿಯೋ ತಾಯಿಯೋ, ನೋವಾದಾಗ ಮಗುವಿನ ಕೈ ಚಾಚಿದ್ದು ಬಾಗಿಲ ಕಡೆಗೆ. ಮಾತಿನ ಅರ್ಥ ಬದಲಾದರೆ ಕೈಯ ದಿಕ್ಕು ಬದಲಾಗುವುದಿಲ್ಲ. ಆದರೆ ಇಷ್ಟು ದಿನ ಅವಳು ಬೇರೊಬ್ಬಳ ಮೇಲೆ ಹೊರಿಸಿದ್ದ ಹೊರೆಗೆ ಈಗ ಇಳಿಸಲು ಜಾಗವಿರಲಿಲ್ಲ.

ಮರುದಿನ ಬೆಳಿಗ್ಗೆ ಸುದ್ದಿ ಕೇಳಿ ಶಾಂತಿ ಬಂದಳು. ಪ್ರಮೋದ್ ರಜೆ ಹಾಕಿ ಗೋಡೆಗೊರಗಿ ಕೂತಿದ್ದ. ರಾತ್ರಿ ಅವನು ಬೈದಿರಲಿಲ್ಲ. ಬಚ್ಚಲಲ್ಲಿ ತೇಲುತ್ತಿದ್ದ ಮುಚ್ಚಳ ಎತ್ತಿಟ್ಟು, ಊರಿಗೆ ಫೋನು ಮಾಡಿ ಶನಿವಾರ ಬರುತ್ತೇನೆ ಎಂದಿದ್ದ. ಗೋವಿಂದಮ್ಮ ಮಗುವಿಗೆ ಗಂಜಿ ತಂದು ಹೊಸ್ತಿಲಲ್ಲೇ ನಿಂತಿದ್ದಳು.

"ಹೋದ ಸಲ ಮಾದಿರಿ ಅಜ್ಜಿ ಮನೇಲೇನಾ?" ಶಾಂತಿ ಪೆನ್ನು ತೆಗೆದಳು.

ಒಂದು ಹೂಂ ಸಾಕಿತ್ತು. ಹೊಸ್ತಿಲಲ್ಲಿ ನಿಂತವಳು ಈ ಸಲವೂ ಬಾಯಿ ಬಿಡುವುದಿಲ್ಲ ಎಂದು ಹರ್ಷಿತಾಳಿಗೆ ಗೊತ್ತಿತ್ತು.

"ಇಲ್ಲ," ಎಂದಳು. "ಇಲ್ಲೇ. ನಾನ್ ಮಲ್ಗಿದ್ದೆ. ತುಟಿ ಒಡೆದಿದ್ದೂ ಇಲ್ಲೇ. ಹಣೆ, ಉಗುರು, ಎಲ್ಲ ಇದೇ ಮನೇಲಿ. ಅವ್ರ ಮನೇಲಿ ಮಗೀಗೆ ಇವತ್ತಿನವರ್ಗೂ ಏನೂ ಆಗಿಲ್ಲ."

ಶಾಂತಿ ಹಳೆಯ ಸಾಲೊಂದನ್ನು ಹೊಡೆದುಹಾಕಿ ಬರೆದಳು.

"ಆ ಅಳೋದ್ರ ಬಗ್ಗೆ ಕೇಳಿದ್ರಲ್ಲ ಮೇಡಂ," ಎಂದಳು ಹರ್ಷಿತಾ, "ಅದ್ನೂ ಇನ್ನೊಂದ್ ಸಲ ಕೇಳಿ."

"ಬರ್ತದಾ?"

"ದಿನಾ."

ಪ್ರಮೋದ್ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಪಕ್ಕದಲ್ಲೇ ಮಲಗುವವಳ ಈ ಸುದ್ದಿ ಅವನಿಗೆ ನರ್ಸಿನ ಫಾರಮ್ಮಿನಿಂದ ತಿಳಿಯಬೇಕಾಯಿತು. ಸ್ವಲ್ಪ ಹೊತ್ತಾದ ಮೇಲೆ ಅವನು ಮಗುವನ್ನು ಊರಿಗೆ ಕಳಿಸುವ ಮಾತೆತ್ತಿದ, ಅರ್ಧ ಪ್ರಶ್ನೆಯಂತೆ. ಶಾಂತಿ ಉಪದೇಶ ಮಾಡಲಿಲ್ಲ. ಫಾರಂ ತಿರುಗಿಸಿ ಒಂದು ಕಡೆ ಬೆರಳಿಟ್ಟು ತೋರಿಸಿದಳು. ಇದು ಎಷ್ಟನೆಯ ಮನೆ ಎಂಬಲ್ಲಿ ಮೂರು ಎಂದಿತ್ತು. "ಕಳ್ಸಿದ್ರೆ ಇಲ್ಲಿ ನಾಲ್ಕು ಅಂತ ಬರೀಬೇಕಾಗ್ತದೆ," ಎಂದಷ್ಟೇ ಹೇಳಿ, ಹರ್ಷಿತಾಳನ್ನು ಗುರುವಾರ ಒಬ್ಬಳೇ ಬಂದು ಡಾಕ್ಟರನ್ನು ಕಾಣುವಂತೆ ಹೇಳಿ ಹೋದಳು. ಶನಿವಾರದ ಮಾತನ್ನು ಪ್ರಮೋದ್ ಮತ್ತೆ ಎತ್ತಲಿಲ್ಲ. ಬಚ್ಚಲ ಬಾಗಿಲಿಗೆ ಮೇಲುಗಡೆ ಚಿಲಕ ಹಾಕಲು ಸುತ್ತಿಗೆ ಹುಡುಕಿದ.

ಅಂದು ಮಧ್ಯಾಹ್ನ ಹರ್ಷಿತಾ ಬ್ಯಾಗಿನ ಜೇಬಿನಿಂದ ಗೆಜ್ಜೆ ತೆಗೆದು ಹೊಸ ಕರಿದಾರ ಎರಡೆಳೆ ಹೊಸೆದು ಪೋಣಿಸಿದಳು. ಕಡಗ ತೆಗೆಯಲಿಲ್ಲ, ಅದರ ಮೇಲೆಯೇ ಕಟ್ಟಿದಳು.

ಮೂರನೆಯ ದಿನ ಪಟ್ಟಿ ಬದಲಾಯಿಸಲು ಆಸ್ಪತ್ರೆಗೆ ಹೋದಾಗ ತಿಲಕನನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದು ಕೂತವಳು ಅವಳೇ. ಹತ್ತಿಬಟ್ಟೆ ಬಿಡಿಸುತ್ತಿದ್ದಂತೆ ಮಗು ಕಿರುಚಿ, ಕಾಲು ಝಾಡಿಸಿ, ಅವಳ ಎಡಗೈಯನ್ನು ಕಚ್ಚಿ ಹಿಡಿಯಿತು. ಗೆಜ್ಜೆಯ ಸದ್ದು ಕೋಣೆಯನ್ನೆಲ್ಲ ತುಂಬಿತು. ಅವಳು ಕೈ ಎಳೆದುಕೊಳ್ಳಲಿಲ್ಲ. ತಲೆಯೆತ್ತಿದರೆ ಬಾಗಿಲಲ್ಲಿ ಗೋವಿಂದಮ್ಮ ನಿಂತಿದ್ದಳು, ಎರಡೂ ಕೈಗಳನ್ನು ಅರ್ಧ ಮೇಲೆತ್ತಿಕೊಂಡು, ಎಲ್ಲಿಡಬೇಕೋ ತಿಳಿಯದವಳಂತೆ. ಅವಳ ಕಣ್ಣು ಮಗುವಿನ ಹಲ್ಲು ಕಚ್ಚಿ ಹಿಡಿದಿದ್ದ ಕೈಯ ಮೇಲಿತ್ತು. ಆ ನೋಟ ಹರ್ಷಿತಾಳಿಗೆ ಚೆನ್ನಾಗಿ ಗೊತ್ತಿದ್ದದ್ದು. ತಿಂಗಳುಗಟ್ಟಲೆ ಅವಳು ಅದೇ ಹೊಟ್ಟೆಯುರಿಯ ಕಣ್ಣಿನಿಂದ ಗೋವಿಂದಮ್ಮನನ್ನು ನೋಡಿದ್ದಳು.

ಎರಡು ಮೂರು ಉಸಿರಿನಷ್ಟು ಹೊತ್ತು ಅವಳು ಆ ಮುಖವನ್ನು ನೋಡುತ್ತ ಕೂತಳು. ಅದರಲ್ಲೊಂದು ರುಚಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆಮೇಲೆ ಮಗನ ಕಿವಿಗೆ ಬಾಯಿಟ್ಟು, "ನೋಡ್ಲಾ, ಅವ್ವ," ಎಂದಳು. ಹೆತ್ತವಳನ್ನು ಬಿಟ್ಟು ಬೇರೊಬ್ಬರಿಗೆ ಆ ಮಾತನ್ನು ಅವಳು ಹುಟ್ಟಿದಾಗಿನಿಂದ ಆಡಿರಲಿಲ್ಲ. ಹಲ್ಲಿಗೆ ಸಿಕ್ಕ ಕಲ್ಲಿನಂತೆ ಹೊರಗೆ ಬಂತು. ಬಾಗಿಲ ಕಡೆ ತಿರುಗಿ, "ಬನ್ನಿ, ಕಾಲು ಹಿಡ್ಕಳಿ," ಎಂದಳು.

ಗೋವಿಂದಮ್ಮ ಬಂದು ನೆಲದ ಮೇಲೆ ಕೂತು ಎರಡೂ ಪುಟ್ಟ ಪಾದಗಳನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಗೆಜ್ಜೆ ಅವಳ ಮುಷ್ಟಿಯೊಳಗೆ ಸುಮ್ಮನಾಯಿತು.